ಸಿಸ್ಟರ್ ಗ್ಲೌಸ್ ಹಾಕಿದ್ದಾರೆ, ಹಾಗಾದರೆ ಸೋಂಕಿನ ಭಯವಿಲ್ಲವೇ?

ಆಸ್ಪತ್ರೆಗಳ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಒಂದು ಮಾತು ಬೇರೆ ಬೇರೆ ವೇಷ ಹಾಕಿಕೊಂಡು ಸುತ್ತುತ್ತಿರುತ್ತದೆ: ಗ್ಲೌಸ್ ಹಾಕದವರು ನಿಮ್ಮನ್ನು ಮುಟ್ಟಲು ಬಿಡಬೇಡಿ. ಯಲಹಂಕದ ಸರ್ಕಾರಿ ಆಸ್ಪತ್ರೆ ಇರಲಿ, ಹೆಬ್ಬಾಳದ ದೊಡ್ಡ ಖಾಸಗಿ ಆಸ್ಪತ್ರೆ ಇರಲಿ, ಮಗುವಿಗೆ ಲಸಿಕೆ ಹಾಕಿಸಲು ಹೋದವರು ಮೊದಲು ನೋಡುವುದು ಸಿಸ್ಟರ್ ಕೈಯನ್ನೇ. ಗ್ಲೌಸ್ ಇಲ್ಲದಿದ್ದರೆ ‘ಬರಿಗೈಯಲ್ಲೇ ಚುಚ್ಚಿಬಿಟ್ಟರು’ ಎಂಬ ಬೇಸರ, ಇದ್ದರೆ ಸಮಾಧಾನ.

ಈ ಸಮಾಧಾನ ಎಷ್ಟು ಸರಿ?

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನೇ ನೋಡಿ. ಬಿಪಿ, ಜ್ವರ, ನಾಡಿ ನೋಡಲು ಸಾಮಾನ್ಯವಾಗಿ ಗ್ಲೌಸ್ ಬೇಕಿಲ್ಲ. ಲಸಿಕೆಗೂ, ತೋಳಿಗೆ ಕೊಡುವ ಮಾಮೂಲಿ ಇಂಜೆಕ್ಷನ್‌ಗೂ ಬೇಕಿಲ್ಲ. ಕೊಡುವವರ ಕೈ ಸ್ವಚ್ಛವಾಗಿರಬೇಕು, ಸಿರಿಂಜ್ ಹೊಸದಾಗಿರಬೇಕು, ಅಷ್ಟೆ. ರಕ್ತ ತೆಗೆಯುವಾಗ, ಡ್ರಿಪ್ಸ್ ಸೂಜಿ ಹಾಕುವಾಗ ಅಥವಾ ತೆಗೆಯುವಾಗ, ಮಲ, ಮೂತ್ರ, ವಾಂತಿ ಮುಟ್ಟಬೇಕಾದಾಗ ಗ್ಲೌಸ್ ಬೇಕೇ ಬೇಕು. ಅಂದರೆ ಬರಿಗೈಯಲ್ಲಿ ಲಸಿಕೆ ಹಾಕಿದ ಸಿಸ್ಟರ್ ತಪ್ಪು ಮಾಡಿಲ್ಲ. ಒಬ್ಬ ರೋಗಿಯ ಮೂತ್ರದ ಚೀಲ ಖಾಲಿ ಮಾಡಿ, ಅದೇ ಗ್ಲೌಸ್‌ನಲ್ಲಿ ಪಕ್ಕದ ಬೆಡ್‌ಗೆ ಬಂದು ಡ್ರಿಪ್ಸ್ ಸರಿಮಾಡುವವರು ಮಾಡುತ್ತಿರುವುದು ಅಪಾಯದ ಕೆಲಸ. ನೋಡುವವರ ಕಣ್ಣಿಗೆ ಮಾತ್ರ ಎರಡನೆಯವರೇ ಹೆಚ್ಚು ಶುಚಿಯಾಗಿ ಕಾಣುತ್ತಾರೆ!

ರೋಗಾಣುವಿಗೆ ಚರ್ಮವೂ ಒಂದೇ, ರಬ್ಬರೂ ಒಂದೇ. ಗ್ಲೌಸ್ ಮೇಲೆ ಕೂತೂ ಅದು ಬೆಡ್‌ನಿಂದ ಬೆಡ್‌ಗೆ ಹೋಗುತ್ತದೆ. ಕಣ್ಣಿಗೆ ಕಾಣದ ಸಣ್ಣ ತೂತುಗಳಿರಬಹುದು, ಕಳಚುವಾಗ ಹೊರಮೈ ಕೈಗೆ ತಾಗಬಹುದು. ಆದ್ದರಿಂದಲೇ ಗ್ಲೌಸ್ ತೆಗೆದ ಮೇಲೂ ಕೈ ಸ್ವಚ್ಛಗೊಳಿಸಬೇಕು ಎಂಬ ನಿಯಮ. ಹಾಕಿರುವ ಗ್ಲೌಸ್ ಮೇಲೇ ಸ್ಯಾನಿಟೈಸರ್ ಉಜ್ಜಿಕೊಂಡು ಮುಂದುವರಿಯುವುದನ್ನೂ ಈ ಮಾರ್ಗಸೂಚಿ ಒಪ್ಪುವುದಿಲ್ಲ.

ಇದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ 15 ಮಂದಿಗೆ ಅಲ್ಲೇ ಕನಿಷ್ಠ ಒಂದು ಸೋಂಕು ತಗುಲುತ್ತದೆ. ಶ್ರೀಮಂತ ದೇಶಗಳಲ್ಲಿ 7 ಮಂದಿಗೆ. ಬಂದ ಕಾಯಿಲೆ ಒಂದು, ಹತ್ತಿಸಿಕೊಂಡದ್ದು ಇನ್ನೊಂದು.

ಹಾಗಾದರೆ ಕೈ ಯಾವಾಗ ಸ್ವಚ್ಛಗೊಳಿಸಬೇಕು? ಐದು ಸಂದರ್ಭಗಳಿವೆ. ರೋಗಿಯನ್ನು ಮುಟ್ಟುವ ಮುನ್ನ, ಸೂಜಿ ಅಥವಾ ಡ್ರೆಸಿಂಗ್‌ನಂಥ ಶುದ್ಧ ಕೆಲಸಕ್ಕೆ ಮುನ್ನ, ರಕ್ತ ಮತ್ತಿತರ ದ್ರವಗಳು ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ. ಮರೆತುಹೋಗುವುದು ಐದನೆಯದು: ರೋಗಿಯನ್ನು ಮುಟ್ಟದಿದ್ದರೂ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಮಂಚದ ಕಂಬಿ, ಡ್ರಿಪ್ಸ್ ಸ್ಟ್ಯಾಂಡ್, ಪರದೆ. ಬರೀ ಚಾರ್ಟ್ ನೋಡಲು ಬಂದ ಡಾಕ್ಟರ್ ಮಂಚದ ಕಂಬಿ ಹಿಡಿದು ನಿಂತು ಮಾತಾಡಿ, ಹಾಗೇ ಮುಂದಿನ ಬೆಡ್‌ಗೆ ಹೋಗುವುದನ್ನು ನೀವೂ ನೋಡಿರುತ್ತೀರಿ.

ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಸಾಕು. ಸೋಪು ನೀರಾದರೆ ಎಲ್ಲ ಸೇರಿ 40ರಿಂದ 60 ಸೆಕೆಂಡು. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದರೆ ಸೋಪೇ ಆಗಬೇಕು.

ಇನ್ನೊಂದು ಹಳೇ ನಂಬಿಕೆ, ಡೆಟ್ಟಾಲ್ ನೀರಿನ ಬಟ್ಟಲು. ಕೆಲವು ಕ್ಲಿನಿಕ್‌ಗಳಲ್ಲಿ ಡಾಕ್ಟರ್ ಮೇಜಿನ ಪಕ್ಕ ಅದು ಈಗಲೂ ಇರುತ್ತದೆ, ಜೊತೆಗೊಂದು ಟವೆಲ್. ಒಬ್ಬ ರೋಗಿಯನ್ನು ನೋಡಿ ಕೈ ಅದ್ದುವುದು, ಒರೆಸಿಕೊಳ್ಳುವುದು, ಮುಂದಿನವರನ್ನು ಕರೆಯುವುದು. ವಾಸನೆ ನಂಬಿಕೆ ಹುಟ್ಟಿಸುತ್ತದೆ, ನಿಜ. ಆದರೆ ದಿನವಿಡೀ ಕೈ ಅದ್ದಿದ ತೆಳು ದ್ರಾವಣದಲ್ಲಿ ಕೆಲವು ಬ್ಯಾಕ್ಟೀರಿಯಾ ಆರಾಮಾಗಿ ಬದುಕುತ್ತವೆ, ಒದ್ದೆ ಟವೆಲ್‌ನಲ್ಲಂತೂ ಇನ್ನೂ ಆರಾಮು. ಅಂಥವುಗಳಲ್ಲಿ ಸ್ಯೂಡೋಮೋನಾಸ್ ಒಂದು. ಅರ್ಧ ಖಾಲಿಯಾದ ಸೋಪಿನ ಡಬ್ಬಕ್ಕೆ ಮೇಲಿಂದ ಸುರಿದು ತುಂಬಿಸಬಾರದು, ತೊಳೆದು ಒಣಗಿಸಿಯೇ ತುಂಬಬೇಕು ಎನ್ನುವುದೂ ಇದೇ ಕಾರಣಕ್ಕೆ.

ಸ್ಯೂಡೋಮೋನಾಸ್ ಹೆಸರು ಬೆಂಗಳೂರಿನ ಕೆಲವರಿಗೆ ನೆನಪಿರಬಹುದು. 2019ರ ಜುಲೈನಲ್ಲಿ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರ ಕಣ್ಣಿಗೆ ಸೋಂಕಾಗಿ ದೃಷ್ಟಿಗೇ ಕುತ್ತು ಬಂತು. ಆಪರೇಷನ್‌ನಲ್ಲಿ ಬಳಸಿದ ಜೆಲ್‌ನಲ್ಲಿ ಈ ಬ್ಯಾಕ್ಟೀರಿಯಾ ಇತ್ತೆಂದು ಆಗ ವರದಿಯಾಗಿತ್ತು. ಆಪರೇಷನ್ ಥಿಯೇಟರ್‌ನಲ್ಲಿ ಗ್ಲೌಸ್ ಇಲ್ಲದೆ ಯಾರೂ ಕೆಲಸ ಮಾಡುವುದಿಲ್ಲ. ಕೈಗೆ ಕವಚ ಹಾಕಿದರೆ ಮುಚ್ಚುವುದು ಒಂದು ದಾರಿ ಮಾತ್ರ. ಔಷಧಿ, ಉಪಕರಣ, ನೀರು, ನೆಲ, ಎಲ್ಲಕ್ಕೂ ಬೇರೆ ಬೇರೆ ಕಾವಲು ಬೇಕು.

ಸಿಬ್ಬಂದಿಯನ್ನೇ ದೂರಿದರೆ ಅನ್ಯಾಯವಾಗುತ್ತದೆ. ಒಬ್ಬ ಸಿಸ್ಟರ್‌ಗೆ ಹತ್ತಾರು ಬೆಡ್ ಕೊಟ್ಟು, ಸ್ಯಾನಿಟೈಸರನ್ನು ವಾರ್ಡಿನ ಬಾಗಿಲಲ್ಲಿ ಮಾತ್ರ ಇಟ್ಟರೆ ಐದು ಸಂದರ್ಭಗಳು ಗೋಡೆಯ ಪೋಸ್ಟರ್‌ನಲ್ಲೇ ಉಳಿಯುತ್ತವೆ. ಬಾಟಲಿ ಪ್ರತಿ ಬೆಡ್ ಪಕ್ಕ ಕೈಗೆಟಕುವಂತಿರಬೇಕು. ನಿಮ್ಮವರನ್ನು ದಾಖಲಿಸುವಾಗ ಇದನ್ನು ಗಮನಿಸಿ, ಇಲ್ಲದಿದ್ದರೆ ಆಸ್ಪತ್ರೆಯ ಆಡಳಿತದವರನ್ನು ಕೇಳಿ.

ವಾರ್ಡಿನಲ್ಲಿ ವಿಡಿಯೋ ಮಾಡುವ ಬದಲು ಬಾಯಿಬಿಟ್ಟು ಹೇಳುವುದು ಬೇಗ ಕೆಲಸ ಮಾಡುತ್ತದೆ. “ಸಿಸ್ಟರ್, ಗ್ಲೌಸ್ ಬದಲಾಯಿಸ್ತೀರಾ? ಅಪ್ಪಂಗೆ ಶುಗರ್ ಇದೆ, ಬೇಗ ಇನ್‌ಫೆಕ್ಷನ್ ಆಗುತ್ತೆ” ಅಂದರೆ ಸಾಕು, ಬಹಳಷ್ಟು ಮಂದಿ ಬೇಜಾರು ಮಾಡಿಕೊಳ್ಳುವುದಿಲ್ಲ. ಅಂದಹಾಗೆ, ರೋಗಿಯ ಮಂಚದ ಮೇಲೆ ಇಟ್ಟು ಎತ್ತಿಕೊಂಡ ನಿಮ್ಮ ಮೊಬೈಲ್ ಕೂಡ ಐದನೆಯ ಸಂದರ್ಭದ ಪಟ್ಟಿಗೇ ಸೇರುತ್ತದೆ. ಅದನ್ನು ಮುಟ್ಟಿದ ಕೈಯಲ್ಲೇ ರೋಗಿಗೆ ಊಟ ಮಾಡಿಸಬೇಡಿ.