ಕ್ಯಾಂಪರ್ ಟ್ರೇಲರ್‌ನ ನೀರಿನ ಪೈಪಿಗೆ ಕಾರಿನ ಕೂಲೆಂಟ್ ಹಾಕಬಹುದೇ? ಚಳಿಗಾಲದ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಅಪಾಯ

ಚಳಿಗಾಲ ಶುರುವಾಗುವ ಹೊತ್ತಿಗೆ ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕ್ಯಾಂಪರ್ ಟ್ರೇಲರ್ ಬಗ್ಗೆ ಸಲಹೆಗಳು ಓಡಾಡತೊಡಗುತ್ತವೆ. ಅವುಗಳಲ್ಲಿ ಮೂರು ಮತ್ತೆ ಮತ್ತೆ ಬರುತ್ತವೆ. ನೀರಿನ ಪೈಪಿನಲ್ಲಿ ಕಾರಿನ ಕೂಲೆಂಟ್ ತುಂಬಿಸಿಟ್ಟರೆ ಹೆಪ್ಪುಗಟ್ಟುವುದಿಲ್ಲ ಎನ್ನುವುದು ಒಂದು. ಟ್ಯಾಂಕಿಗೆ ಉಪ್ಪು ಹಾಕಿದರೂ ಸಾಕು ಎನ್ನುವುದು ಎರಡನೆಯದು. ರಾತ್ರಿ ಚಳಿ ತಡೆಯಲಾಗದಿದ್ದರೆ ಅಡುಗೆಯ ಗ್ಯಾಸ್ ಒಲೆ ಹಚ್ಚಿಟ್ಟು, ಕಿಟಕಿ ಒಂದಿಂಚು ತೆರೆದು ಮಲಗಿ ಎನ್ನುವುದು ಮೂರನೆಯದು.

ಮೂರೂ ತಪ್ಪು. ಅದರಲ್ಲಿ ಎರಡು ಜೀವಕ್ಕೇ ಅಪಾಯ. ಆದರೆ ಮೂರರಲ್ಲೂ ಒಂದು ಚೂರು ವಿಜ್ಞಾನ ಇದೆ, ಹಾಗಾಗಿಯೇ ಓದಿದವರೂ ನಂಬಿ ಮುಂದಕ್ಕೆ ಕಳಿಸುತ್ತಾರೆ. ಆ ಚೂರು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಸುಳ್ಳು ಎಂದು ನೋಡೋಣ.

ಕ್ಯಾಂಪರ್ ಟ್ರೇಲರ್ ನೋಡದವರಿಗೆ ಎರಡು ಮಾತು. ಇದು ಕಾರು ಅಥವಾ ಪಿಕಪ್ ಟ್ರಕ್‌ನ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಸಿಂಕ್, ಶೌಚಾಲಯ, ಬಿಸಿನೀರಿನ ಗೀಸರ್ ಎಲ್ಲ ಇರುತ್ತವೆ. ಕೆಳಗೆ ಮೂರು ಟ್ಯಾಂಕ್: ಒಳ್ಳೆಯ ನೀರಿಗೊಂದು, ಬಚ್ಚಲ ನೀರಿಗೊಂದು, ಶೌಚಕ್ಕೊಂದು. ಇವನ್ನು ಜೋಡಿಸುವ ಪೈಪುಗಳು ನೆಲದಡಿಯಲ್ಲಿ, ಗೋಡೆಯಂಚಿನಲ್ಲಿ ಓಡುತ್ತವೆ. ಮನೆಯ ಗೋಡೆಗಿರುವ ದಪ್ಪ ಈ ಗೋಡೆಗಿಲ್ಲ. ಮಿನ್ನೆಸೋಟದಲ್ಲೋ ಮಿಷಿಗನ್‌ನಲ್ಲೋ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದ ರಾತ್ರಿ ಮೊದಲು ಸೋಲುವುದು ಈ ಪೈಪುಗಳೇ.

ಪೈಪ್ ಏಕೆ ಒಡೆಯುತ್ತದೆ?

ಬಹುತೇಕ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ. ನೀರು ಉಲ್ಟಾ. ಮಂಜುಗಡ್ಡೆಯಲ್ಲಿ ಅದರ ಅಣುಗಳು ಆರು ಮೂಲೆಯ ಜಾಲದಂತೆ ಜೋಡಣೆಯಾಗಿ ನಡುವೆ ಖಾಲಿ ಜಾಗ ಬಿಡುತ್ತವೆ. ಹಾಗಾಗಿ ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9 ಶೇಕಡಾ ಹೆಚ್ಚುತ್ತದೆ. ಫ್ರೀಜರ್‌ನಲ್ಲಿ ಮರೆತ ಗಾಜಿನ ಬಾಟಲಿ ಸೀಳುವುದು ಇದರಿಂದಲೇ.

ಆದರೆ ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಪೈಪ್ ಒಡೆಯಬೇಕೆಂದಿಲ್ಲ. ಎಲ್ಲೋ ಒಂದು ಕಡೆ ಗಡ್ಡೆ ಕಟ್ಟಿ ಬೆಳೆಯುತ್ತಾ ಹೋದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ದುರ್ಬಲವಾದ ಭಾಗ ಬಿರುಕು ಬಿಡುತ್ತದೆ. ಇಂದಿನ ಟ್ರೇಲರ್‌ಗಳಲ್ಲಿ ಬಳಸುವ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪ್ ಸ್ವಲ್ಪ ಹಿಗ್ಗಿ ತಾಳಿಕೊಳ್ಳುತ್ತದೆ, ಅದರ ಜೋಡಣೆಗಳು, ನಲ್ಲಿಯ ಒಳಭಾಗ, ಪಂಪ್ ತಾಳುವುದಿಲ್ಲ. ಇನ್ನೊಂದು ತಮಾಷೆ ಎಂದರೆ ಒಡೆದಿದ್ದು ಆಗ ಗೊತ್ತಾಗುವುದೇ ಇಲ್ಲ. ಏಪ್ರಿಲ್‌ನಲ್ಲಿ ಪಂಪ್ ಹಾಕಿದಾಗ ಹಾಸಿಗೆಯಡಿಯಿಂದ ನೀರು ಹರಿದು ಬರುತ್ತದೆ.

ಕೂಲೆಂಟ್ ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ...

ನೀರಿಗೆ ಬೇರೇನಾದರೂ ಕರಗಿಸಿದರೆ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ಫಾರ್ವರ್ಡ್‌ನಲ್ಲಿರುವ ವಿಜ್ಞಾನ ಇಷ್ಟೇ. ಕಾರಿನ ಕೂಲೆಂಟ್ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಇರುವುದು ಅದರಲ್ಲಿರುವ ವಸ್ತುವಿನದು. ಸಾಮಾನ್ಯ ಕೂಲೆಂಟ್‌ನಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ನಮ್ಮ ಯಕೃತ್ತು ಅದನ್ನು ಒಡೆದು ಗ್ಲೈಕಾಲಿಕ್ ಆಮ್ಲ, ಆಮೇಲೆ ಆಕ್ಸಾಲಿಕ್ ಆಮ್ಲ ಮಾಡುತ್ತದೆ. ಆಕ್ಸಾಲಿಕ್ ಆಮ್ಲ ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಸೂಜಿಯಂಥ ಹರಳುಗಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ದೊಡ್ಡವರಿಗೂ ಸುಮಾರು 100 ಮಿಲಿಲೀಟರ್ ಪ್ರಾಣಾಂತಕವಾಗಬಹುದು, ಅಂದರೆ ಒಂದು ಸಣ್ಣ ಲೋಟದಷ್ಟು. ಮಕ್ಕಳಿಗೆ, ಸಾಕುನಾಯಿಗಳಿಗೆ ಇನ್ನೂ ಕಡಿಮೆ ಸಾಕು. ಕುಡಿಯುವ, ಹಲ್ಲುಜ್ಜುವ ನೀರು ಬರುವ ಪೈಪಿಗೆ ಇದನ್ನು ಹಾಕಿ, ಬೇಸಿಗೆಯಲ್ಲಿ ಎಷ್ಟೇ ತೊಳೆದರೂ ಮೂಲೆಯಲ್ಲಿ ಉಳಿದಿಲ್ಲವೆಂದು ಹೇಳುವವರು ಯಾರು?

ಯಾರಾದರೂ ಅಕಸ್ಮಾತ್ ಕುಡಿದರೆ ಮೊದಲ ಕೆಲವು ಗಂಟೆ ಮದ್ಯ ಕುಡಿದವರಂತೆ ತೂರಾಡುತ್ತಾರೆ, ಆಮೇಲೆ ಸ್ಥಿತಿ ಕೆಡುತ್ತದೆ. ಮನೆಮದ್ದು ಬೇಡ, ವಾಂತಿ ಮಾಡಿಸಬೇಡಿ. ಫೊಮೆಪಿಜೋಲ್ ಎಂಬ ಪ್ರತಿವಿಷ ಇದೆ, ಬೇಗ ಕೊಟ್ಟರೆ ಮೂತ್ರಪಿಂಡ ಉಳಿಯುತ್ತದೆ. ಹಾಗಾಗಿ ನೇರ ಆಸ್ಪತ್ರೆಗೆ ಹೋಗಿ. ಅಮೆರಿಕದಲ್ಲಿರುವವರು ವಿಷ ನಿಯಂತ್ರಣ ಸಹಾಯವಾಣಿ 1-800-222-1222ಕ್ಕೆ ಕರೆ ಮಾಡಬಹುದು.

ಈ ಕೆಲಸಕ್ಕೆಂದೇ ಸಿಗುವುದು ಪ್ರೊಪಿಲೀನ್ ಗ್ಲೈಕಾಲ್ ಇರುವ 'ಆರ್‌ವಿ ಆಂಟಿಫ್ರೀಜ್'. ಹೆಸರು ಒಂದೇ ಥರ ಕೇಳಿಸುತ್ತದೆ, ಸ್ವಭಾವ ಬೇರೆ. ದೇಹ ಇದನ್ನು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ. ತಿನಿಸುಗಳಲ್ಲಿ, ಔಷಧದ ಸಿರಪ್‌ಗಳಲ್ಲಿ ಇದನ್ನು ಬಳಸುತ್ತಾರೆ. ಈ ಎರಡು ಗ್ಲೈಕಾಲ್‌ಗಳ ವ್ಯತ್ಯಾಸ ಭಾರತೀಯರಿಗೆ ಹೊಸದೇನಲ್ಲ. 2022ರ ಅಕ್ಟೋಬರ್‌ನಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿದ್ದು, ಅವುಗಳಲ್ಲಿ ಎಥಿಲೀನ್ ಗ್ಲೈಕಾಲ್ ಮತ್ತು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿದ್ದರಿಂದಲೇ.

'ಗುಲಾಬಿ ಬಣ್ಣದ್ದು ಸೇಫ್' ಎಂಬ ಇನ್ನೊಂದು ಸಲಹೆಯೂ ಇದೆ. ಆರ್‌ವಿ ಆಂಟಿಫ್ರೀಜ್ ಸಾಮಾನ್ಯವಾಗಿ ಗುಲಾಬಿಯೇ. ಆದರೆ ಕೆಲವು ಕಾರ್ ಕೂಲೆಂಟ್‌ಗಳೂ ಗುಲಾಬಿ. ಬಣ್ಣ ಕಂಪನಿ ಬೆರೆಸುವ ಡೈ ಮಾತ್ರ. ಡಬ್ಬದ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂದಿದೆಯೇ, ಕುಡಿಯುವ ನೀರಿನ ಪೈಪಿಗೆ ಬಳಸಬಹುದು ಎಂದಿದೆಯೇ ಓದಿ.

ಡಬ್ಬದ ಮೇಲಿನ 'ಮೈನಸ್ 50' ಎಂಬ ಅಂಕಿಯೂ ಗೊಂದಲ ಮಾಡುತ್ತದೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 46 ಡಿಗ್ರಿ ಸೆಲ್ಸಿಯಸ್. ಅಲ್ಲಿಯವರೆಗೂ ದ್ರವವಾಗಿಯೇ ಇರುತ್ತದೆ ಎಂದು ಅದರ ಅರ್ಥವಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಅದು ಐಸ್‌ಗೋಲಾದ ಹಾಗೆ ಮೆತ್ತಗಿನ ಗಂಜಿಯಾಗುತ್ತದೆ. ಆ ಗಂಜಿ ಪೈಪನ್ನು ಒಡೆಯುವಷ್ಟು ಹಿಗ್ಗುವುದಿಲ್ಲ, ಭರವಸೆ ಅಷ್ಟೇ. ಟ್ಯಾಂಕಿನಲ್ಲಿ ನೀರು ಉಳಿದಿದ್ದಾಗಲೇ ಇದನ್ನು ಸುರಿದರೆ ತೆಳುವಾಗಿ ಆ ಭರವಸೆಯೂ ಹೋಗುತ್ತದೆ.

ಉಪ್ಪಿನ ಲೆಕ್ಕ

ಉಪ್ಪುನೀರು ಮೈನಸ್ 21 ಡಿಗ್ರಿವರೆಗೆ ಹೆಪ್ಪುಗಟ್ಟದಂತೆ ಮಾಡಬಹುದು, ಸರಿ. ಅದಕ್ಕೆ ದ್ರಾವಣದ ತೂಕದಲ್ಲಿ ಸುಮಾರು 23 ಶೇಕಡಾ ಉಪ್ಪಿರಬೇಕು. ಅಂದರೆ 100 ಲೀಟರ್ ನೀರಿಗೆ 30 ಕಿಲೋ! ಎರಡು ಹಿಡಿ ಹಾಕಿದರೆ ಏನೂ ಆಗುವುದಿಲ್ಲ. 30 ಕಿಲೋ ಹಾಕಿದರೆ ಪಂಪ್, ಗೀಸರ್‌ನ ಲೋಹ ತುಕ್ಕು ಹಿಡಿಯುತ್ತದೆ.

ಹಾಗಾದರೆ ಸರಿಯಾದ ವಿಧಾನ ಯಾವುದು?

ಮೊದಲು ನೀರು ಖಾಲಿ ಮಾಡುವುದು. ಮೂರೂ ಟ್ಯಾಂಕ್ ಬರಿದಾಗಬೇಕು, ಪೈಪುಗಳ ಅತಿ ತಗ್ಗಿನಲ್ಲಿರುವ ಡ್ರೈನ್ ತೆರೆಯಬೇಕು, ನಲ್ಲಿಗಳೆಲ್ಲ ತೆರೆದಿರಬೇಕು. ಗೀಸರ್ ಆರಿಸಿ, ತಣ್ಣಗಾಗಲು ಬಿಟ್ಟು, ಒತ್ತಡ ಇಳಿಸಿದ ಮೇಲಷ್ಟೇ ಅದರ ಪ್ಲಗ್ ಬಿಚ್ಚಿ. ಬಿಸಿ ಇದ್ದಾಗ ಬಿಚ್ಚಿ ಮುಖ ಸುಟ್ಟುಕೊಳ್ಳುವ ಅವಸರ ಬೇಡ. ಆಮೇಲೆ ಗೀಸರ್‌ನ ಬೈಪಾಸ್ ವಾಲ್ವ್ ತಿರುಗಿಸಿ. ಇದನ್ನು ಮರೆತರೆ 23 ಲೀಟರ್‌ನ ಗೀಸರ್ ತುಂಬ ಆಂಟಿಫ್ರೀಜ್ ಸುಮ್ಮನೆ ತುಂಬಿಕೊಳ್ಳುತ್ತದೆ. ಬೈಪಾಸ್ ಇದ್ದರೆ ಇಡೀ ಟ್ರೇಲರ್‌ಗೆ ಸಾಮಾನ್ಯವಾಗಿ 8ರಿಂದ 11 ಲೀಟರ್ ಸಾಕಾಗುತ್ತದೆ.

ಪಂಪಿನ ನಳಿಕೆಯನ್ನು ಆಂಟಿಫ್ರೀಜ್ ಡಬ್ಬಕ್ಕೆ ಇಳಿಸಿ, ಒಂದೊಂದೇ ನಲ್ಲಿಯನ್ನು ಗುಲಾಬಿ ದ್ರವ ಬರುವವರೆಗೆ ಬಿಡಿ. ತಣ್ಣೀರಿನದು, ಬಿಸಿನೀರಿನದು ಎರಡೂ. ಶವರ್, ಶೌಚಾಲಯದ ಫ್ಲಶ್ ಕೂಡ. ಬಹಳ ಜನ ಮರೆಯುವುದು ಟ್ರೇಲರ್‌ನ ಹೊರಮೈಯಲ್ಲಿರುವ ಶವರ್ ಮತ್ತು ಸಿಂಕ್ ಕೆಳಗಿನ ಬಾಗಿದ ಪೈಪ್. ದುರ್ವಾಸನೆ ತಡೆಯಲು ಆ ಬಾಗಿದ ಜಾಗದಲ್ಲಿ ಸದಾ ನೀರು ನಿಂತಿರುತ್ತದೆ, ಅಲ್ಲಿಗೂ ಒಂದು ಲೋಟ ಸುರಿಯಿರಿ. ಬ್ಯಾಟರಿಯನ್ನೂ ಮರೆಯಬೇಡಿ. ಪೂರ್ತಿ ಚಾರ್ಜ್ ಇರುವ ಲೆಡ್-ಆ್ಯಸಿಡ್ ಬ್ಯಾಟರಿ ಎಂಥ ಚಳಿಯನ್ನೂ ತಡೆಯುತ್ತದೆ, ಖಾಲಿಯಾದದ್ದು ಮಾತ್ರ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಸೀಳಬಹುದು. ಲಿಥಿಯಂ ಬ್ಯಾಟರಿಯಾದರೆ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಚಳಿಯಲ್ಲೇ ಪ್ರಯಾಣ ಹೊರಟರೆ

ಟ್ರೇಲರ್ ನಿಲ್ಲಿಸಿಡದೆ ಡಿಸೆಂಬರ್‌ನಲ್ಲೂ ಹೊರಡುವವರಿದ್ದಾರೆ. ಅವರಿಗೆ ನಾವು ಹೇಳುವುದು: ಪೈಪುಗಳಲ್ಲಿ ಆಂಟಿಫ್ರೀಜ್ ಇರಲಿ, ಕುಡಿಯುವ ನೀರನ್ನು ಕ್ಯಾನ್‌ಗಳಲ್ಲಿ ಒಳಗೆ ಇಟ್ಟುಕೊಳ್ಳಿ. ನಲ್ಲಿ ನೀರು ಬೇಕೇ ಬೇಕೆಂದರೆ ಒಂದು ವಿಷಯ ಗೊತ್ತಿರಲಿ. ಅನೇಕ ಟ್ರೇಲರ್‌ಗಳಲ್ಲಿ ಗ್ಯಾಸ್ ಫರ್ನೇಸ್‌ನ ಬಿಸಿಗಾಳಿ ನೆಲದಡಿಯ ಟ್ಯಾಂಕು, ಪೈಪುಗಳ ಕಡೆಗೂ ಹೋಗುತ್ತದೆ. ಗ್ಯಾಸ್ ಉಳಿಸಲೆಂದು ಒಳಗೆ ಎಲೆಕ್ಟ್ರಿಕ್ ಹೀಟರ್ ಹಾಕಿ ಫರ್ನೇಸ್ ಆರಿಸಿದರೆ, ಹಾಸಿಗೆಯಲ್ಲಿ ನೀವು ಬೆಚ್ಚಗಿರುತ್ತೀರಿ, ನೆಲದಡಿಯಲ್ಲಿ ಪೈಪ್ ಹೆಪ್ಪುಗಟ್ಟುತ್ತಿರುತ್ತದೆ.

ಹವಾಮಾನ ಆ್ಯಪ್‌ನಲ್ಲಿ ತೋರಿಸುವ 'ಮೈನಸ್ 10ರಂತೆ ಅನಿಸುತ್ತದೆ' ಎಂಬ ಅಂಕಿ ಪೈಪಿಗೆ ಅನ್ವಯಿಸುವುದಿಲ್ಲ. ಅದು ಗಾಳಿಗೆ ನಮ್ಮ ಚರ್ಮ ಬಿಸಿ ಕಳೆದುಕೊಳ್ಳುವ ಲೆಕ್ಕ. ಗಾಳಿ ಬೀಸಿದರೆ ಪೈಪ್ ಬೇಗ ತಣ್ಣಗಾಗುತ್ತದೆ, ಆದರೆ ಹೊರಗಿನ ನಿಜವಾದ ಉಷ್ಣತೆಗಿಂತ ಕೆಳಗೆ ಹೋಗುವುದಿಲ್ಲ. ರಸ್ತೆಯಲ್ಲಿ ಸೇತುವೆಗಳ ಬಗ್ಗೆ ಎಚ್ಚರ. ಮೇಲೆ ಕೆಳಗೆ ಎರಡೂ ಕಡೆ ಗಾಳಿ ತಾಕುವುದರಿಂದ ಉಳಿದ ರಸ್ತೆಗಿಂತ ಮೊದಲು ಅಲ್ಲಿ ಕಣ್ಣಿಗೆ ಕಾಣದ ಮಂಜಿನ ಪದರ ಕಟ್ಟುತ್ತದೆ, ಹಿಂದೆ ಟ್ರೇಲರ್ ಇದ್ದಾಗ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅದು ಕಾರನ್ನೇ ತಿರುಗಿಸಿಬಿಡುತ್ತದೆ.

ಅಡುಗೆ ಒಲೆ, ಒಂದಿಂಚು ಕಿಟಕಿ

ಈ ಫಾರ್ವರ್ಡ್ ಕರ್ನಾಟಕದಲ್ಲಿರುವವರಿಗೂ ಸಂಬಂಧಪಟ್ಟದ್ದು. ಈಗ ಬೆಂಗಳೂರಿನಿಂದ ಲಡಾಖ್, ಸ್ಪಿತಿ ಕಡೆಗೆ ವ್ಯಾನು, ಟೆಂಟುಗಳಲ್ಲಿ ಹೋಗುವವರು ಕಡಿಮೆಯಿಲ್ಲ.

ಗ್ಯಾಸ್ ಅಥವಾ ಇದ್ದಿಲು ಉರಿಯುವಾಗ ಸಾಕಷ್ಟು ಆಮ್ಲಜನಕ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಲಕ್ಷಣಗಳು ತಲೆನೋವು, ವಾಕರಿಕೆ, ತಲೆಸುತ್ತು. ಎತ್ತರದ ಜಾಗದಲ್ಲಿ ಇದೇ ಲಕ್ಷಣಗಳನ್ನು 'ಆಲ್ಟಿಟ್ಯೂಡ್ ಸಿಕ್ನೆಸ್ ಇರಬೇಕು, ಮಲಗಿದರೆ ಸರಿಹೋಗುತ್ತದೆ' ಎಂದುಕೊಂಡು ಮಲಗಿಬಿಡುತ್ತಾರೆ. ಒಂದೇ ಕೋಣೆಯ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾದರೆ, ಅನುಮಾನಪಡಿ. ಎಲ್ಲರನ್ನೂ ಹೊರಗೆ ಕರೆತನ್ನಿ, ಆಮೇಲೆ ಉಳಿದದ್ದು.

2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟ್ ಒಂದರಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದ್ದ ಕೋಣೆಯಲ್ಲಿ ಮೃತಪಟ್ಟರು. ಅಮೆರಿಕದಲ್ಲಿ ಬೆಂಕಿ ಅನಾಹುತಕ್ಕೆ ಸಂಬಂಧವಿಲ್ಲದೆ, ಅಕಸ್ಮಾತ್ತಾಗಿ ಈ ಅನಿಲ ಸೇರಿ ಪ್ರತಿವರ್ಷ 400ಕ್ಕೂ ಹೆಚ್ಚು ಜನ ಸಾಯುತ್ತಾರೆ.

ಒಂದಿಂಚು ಕಿಟಕಿ ಏಕೆ ಸಾಲದು? ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಕಿಟಕಿಗೆ ಹಿಮ ಮುಚ್ಚಿಕೊಳ್ಳುತ್ತದೆಯೇ, ನಿದ್ದೆಗಣ್ಣಲ್ಲಿ ಯಾರಾದರೂ ಮುಚ್ಚುತ್ತಾರೆಯೇ, ಯಾವುದೂ ನಮ್ಮ ಕೈಯಲ್ಲಿಲ್ಲ. ಒಲೆಯ ಪಕ್ಕ ಬಕೆಟ್ ನೀರಿಟ್ಟರೆ ಗ್ಯಾಸ್ ಹೀರಿಕೊಳ್ಳುತ್ತದೆ ಎಂಬ ಹಳೆಯ ನಂಬಿಕೆಯೂ ಕೆಲಸಕ್ಕೆ ಬರುವುದಿಲ್ಲ, ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಅತ್ಯಲ್ಪ. ಇದಲ್ಲದೆ ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಬೆಳಗ್ಗೆ ಗೋಡೆ, ಹಾಸಿಗೆ ಒದ್ದೆಯಾಗುವುದು ಅದರಿಂದ.

ಟ್ರೇಲರ್‌ನ ಫರ್ನೇಸ್ ಕೂಡ ಗ್ಯಾಸಿನದೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅದರ ಬೆಂಕಿ ಮುಚ್ಚಿದ ಪೆಟ್ಟಿಗೆಯಲ್ಲಿ ಉರಿಯುತ್ತದೆ. ಉರಿಯಲು ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ. ಆ ಹೊಗೆಬಾಯಿಗೆ ಹಿಮ ಮುಚ್ಚಿಕೊಂಡಿದೆಯೇ ಎಂದು ಮಲಗುವ ಮುನ್ನ ನೋಡಬೇಕು. ಜನರೇಟರ್ ಇದ್ದರೆ ಟ್ರೇಲರ್‌ನಿಂದ ಕನಿಷ್ಠ 6 ಮೀಟರ್ ದೂರದಲ್ಲಿಡಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆ, ಹೊಗೆಯ ಅಲಾರಂ ಬೇರೆ, ಗ್ಯಾಸ್ ಸೋರಿಕೆಯ ಅಲಾರಂ ಬೇರೆ. ಸೋರಿದ ಅಡುಗೆ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಆ ಅಲಾರಂ ನೆಲದ ಬಳಿ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕವಿದ್ದು ಎಲ್ಲ ಕಡೆ ಬೆರೆಯುತ್ತದೆ. ಟ್ರೇಲರ್ ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಅಲಾರಂ ಬಿಚ್ಚಿ ಹಿಂಬದಿ ನೋಡಿ. ಅದರೊಳಗಿನ ಸೆನ್ಸರ್‌ಗೆ ಕೆಲವೇ ವರ್ಷಗಳ ಆಯಸ್ಸು, ಕೊನೆಯ ದಿನಾಂಕ ಅಲ್ಲೇ ಅಚ್ಚಾಗಿರುತ್ತದೆ. ಟೆಸ್ಟ್ ಬಟನ್ ಒತ್ತಿದಾಗ ಕೂಗಿತು ಎಂದರೆ ಬ್ಯಾಟರಿ ಮತ್ತು ಗಂಟೆ ಸರಿಯಿದೆ ಎಂದಷ್ಟೇ ಅರ್ಥ, ಸೆನ್ಸರ್ ಸರಿಯಿದೆ ಎಂದಲ್ಲ.