ಖರ್ಜೂರವೂ ತಾಯಿಯ ರಕ್ತಪುಷ್ಟಿಯೂ

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಸೀಮೆಯಲ್ಲಿ ಈಚಲು ಮರವನ್ನು ಅರಿಯದವರಿಲ್ಲ. ಖರ್ಜೂರವೂ ಅದೇ ಕುಲಕ್ಕೆ ಸೇರಿದ ಹಣ್ಣು. ಈಚಲ ಹಣ್ಣಿನಲ್ಲಿ ತಿರುಳು ತೆಳು, ಖರ್ಜೂರದಲ್ಲಾದರೋ ಹೇರಳ. ಚೆನ್ನಾಗಿ ಒಣಗಿಸಿದ ಖರ್ಜೂರವೇ ಉತ್ತುತ್ತೆ. ಬಸುರಿಯ ಮಡಿಲು ತುಂಬುವಾಗಲೂ, ಬಾಣಂತಿಗೆ ಅಂಟಿನ ಉಂಡೆ ಕಟ್ಟುವಾಗಲೂ ಹಿರಿಯರು ಇದನ್ನು ಬಳಸುತ್ತ ಬಂದಿದ್ದಾರೆ.

ಖರ್ಜೂರದ ಗುಣಗಳು

100 ಗ್ರಾಂ ಖರ್ಜೂರದಿಂದ ಸುಮಾರು 300 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಇದರ ಬಹುಭಾಗ ಸಕ್ಕರೆಯ ಅಂಶವಾದ್ದರಿಂದ ದುಡಿದು ದಣಿದವರಿಗೆ ಬೇಗನೆ ಚೈತನ್ಯ ಬರುತ್ತದೆ. ಇದರಲ್ಲಿರುವ ನಾರು ಮಲಬದ್ಧತೆಯನ್ನು ನಿವಾರಿಸುತ್ತದೆ. ಪೊಟ್ಯಾಸಿಯಂ ಮೊದಲಾದ ಲವಣಗಳೂ ಉಂಟು.

ಒಂದು ತಪ್ಪು ತಿಳಿವಳಿಕೆ

"ಖರ್ಜೂರ ತಿಂದರೆ ರಕ್ತವಾಗುತ್ತದೆ, ಮಾತ್ರೆ ಏಕೆ?" ಎನ್ನುವವರಿದ್ದಾರೆ. ಇದು ಸರಿಯಲ್ಲ. ನಾಲ್ಕು ಖರ್ಜೂರಗಳಲ್ಲಿರುವ ಕಬ್ಬಿಣಾಂಶ ಒಂದೆರಡು ಮಿಲಿಗ್ರಾಂ ಮೀರುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆಯಿದೆ. ಅಂಥ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ಪ್ರಾಣಕ್ಕೇ ಅಪಾಯ.

ಆದುದರಿಂದ ಗರ್ಭ ಧರಿಸಿದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ ಮಾತ್ರೆ ಸೇವಿಸತಕ್ಕದ್ದು. ಓಕರಿಕೆಯಾದರೆ ರಾತ್ರಿ ಊಟದ ನಂತರ ನುಂಗಬಹುದು. ಮಲ ಕಪ್ಪಾದರೆ ಅಂಜಬೇಕಾಗಿಲ್ಲ. ಮಾತ್ರೆಯಿಂದ ಮಲಬದ್ಧತೆಯಾದರೆ ಖರ್ಜೂರ ನೆರವಿಗೆ ಬರುತ್ತದೆ. ಹೀಗೆ ಖರ್ಜೂರವು ಮಾತ್ರೆಗೆ ಜೊತೆಗಾರನೇ ಹೊರತು ಬದಲಿಯಲ್ಲ.

ಮನೆಯ ಆಹಾರ

ಖರ್ಜೂರ ಕೊಳ್ಳಲು ಅನುಕೂಲವಿಲ್ಲದವರು ಚಿಂತಿಸಬೇಕಾಗಿಲ್ಲ. ರಾಗಿ, ಹುರುಳಿ, ಸೊಪ್ಪು, ಕಡಲೆಕಾಯಿ ನಮ್ಮ ಹೊಲದಲ್ಲೇ ಇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಊಟದೊಡನೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಸೇವಿಸಿದರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿಯಬಾರದು.

ಎಚ್ಚರಿಕೆ

ಖರ್ಜೂರವನ್ನು ತೊಳೆದು ತಿನ್ನಬೇಕು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ತಿನ್ನಬಾರದು. ಚಿಕ್ಕ ಮಕ್ಕಳಿಗೆ ಬೀಜ ತೆಗೆದು, ನೆನೆಸಿ, ಅರೆದು ಕೊಡಬೇಕು. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೇ ಸಾಕು.

ಪತಿಯೂ ಇದರಲ್ಲಿ ಪಾಲುಗಾರ. ಪೇಟೆಯಿಂದ ಖರ್ಜೂರ ತಂದರಷ್ಟೇ ಸಾಲದು. ಪತ್ನಿಯನ್ನು ರಕ್ತಪರೀಕ್ಷೆಗೆ ಕರೆದೊಯ್ಯಬೇಕು, ಆಕೆ ದಿನವೂ ಮಾತ್ರೆ ನುಂಗಿದಳೇ ಎಂದು ವಿಚಾರಿಸಬೇಕು. ತಾಯಿಯ ರಕ್ತಪುಷ್ಟಿಯೇ ಮಗುವಿನ ಬಲ, ಸಂಸಾರದ ಸುಖ.