ಅಪ್‌ಡೇಟ್ ಬಂದೈತಿ, ಹಾಕ್ಲೇನು?

“ಅಪ್‌ಡೇಟ್ ಬಂದೈತಿ, ಹಾಕ್ಲೇನಣ್ಣಾ, ಬ್ಯಾಡೇನು?” ದೇಶನೂರಿನ ಕಡೆಯಿಂದ ಸಿರುಗುಪ್ಪದ ಮೊಬೈಲ್ ಅಂಗಡಿಗೆ ಬರುವವರು ಕೇಳುವ ಪ್ರಶ್ನೆ ಇದು. ಅಂಗಡಿಯವನ ಉತ್ತರವೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ: “ಹದಿನೈದು ದಿನ ತಡಿ. ಬ್ಯಾರೆಯವ್ರು ಹಾಕ್ಕೊಂಡ್ಮ್ಯಾಲೆ ನೋಡೋಣು.” ಫೋನು ಕೊಂಡು ತಿಂಗಳೂ ಆಗಿರುವುದಿಲ್ಲ. ಕಂತು ಇನ್ನೂ ಬಾಕಿ. ಅಷ್ಟರೊಳಗೆ ಅದನ್ನು ರಿಪೇರಿ ಮಾಡಲು ಕಂಪನಿಯೇ ಕದ ತಟ್ಟುತ್ತದೆ.

ಚಹಾದಂಗಡಿಯ ಕಟ್ಟೆಯ ಮೇಲೆ ಈ ವಿಷಯಕ್ಕೆ ಎರಡು ಪಕ್ಷ. ಅಪ್‌ಡೇಟ್ ಹಾಕದಿದ್ದರೆ ಬ್ಯಾಂಕಿನ ಆ್ಯಪು ಇವತ್ತಲ್ಲ ನಾಳೆ ಕೈಕೊಡುತ್ತದೆ, ಕಳ್ಳರಿಗೆ ದಾರಿಯಾಗುತ್ತದೆ ಎನ್ನುವವರು ಒಂದು ಕಡೆ. ಹಾಕಿದರೆ ಹ್ಯಾಂಗ್ ಆಗುತ್ತದೆ, ಹೊಸದು ಕೊಳ್ಳಲೆಂದೇ ಹಳೆಯದನ್ನು ಕೆಡಿಸುತ್ತಾರೆ ಎನ್ನುವವರು ಇನ್ನೊಂದು ಕಡೆ. ಎರಡನೆಯವರನ್ನು ಬಾಯಿಬಡುಕರೆಂದು ತಳ್ಳಿಹಾಕುವಂತಿಲ್ಲ. ಬ್ಯಾಟರಿ ಸವೆದ ಐಫೋನುಗಳ ವೇಗವನ್ನು ಅಪ್‌ಡೇಟಿನ ಮೂಲಕ ತಗ್ಗಿಸಿದ್ದು ಹೌದು ಎಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ತಾನೇ ಒಪ್ಪಿಕೊಂಡಿತ್ತು. ಫೋನು ಏಕಾಏಕಿ ಆಫ್ ಆಗದಿರಲೆಂದು ಹಾಗೆ ಮಾಡಿದೆವು ಎಂಬುದು ಅದರ ಸಮಜಾಯಿಷಿ. ಮೊದಲೇ ಹೇಳಿದ್ದರೆ ಅಷ್ಟು ರಂಪ ಆಗುತ್ತಿರಲಿಲ್ಲ.

ಇತ್ತೀಚಿನ ಜಗಳ ಹಸಿರು ಗೆರೆಯದು. ಅಪ್‌ಡೇಟ್ ಮುಗಿದು ಫೋನು ಆನ್ ಆದರೆ ಪರದೆಯ ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಗೀಟು. ಅದು ಪರದೆಯ ದೋಷ, ಸಾಫ್ಟ್‌ವೇರಿನದಲ್ಲ ಎಂದು ತಿಳಿದವರು ಹೇಳುತ್ತಾರೆ. ಅಪ್‌ಡೇಟಿನ ಹೊತ್ತಿನಲ್ಲಿ ಫೋನು ಬಿಸಿಯಾಗಿ, ಮೊದಲೇ ದುರ್ಬಲವಾಗಿದ್ದ ಜೋಡಣೆ ಕೈಕೊಡುತ್ತದೆ ಎಂಬ ವಾದವೂ ಇದೆ. ಕೆಲವು ಕಂಪನಿಗಳು ಭಾರತದಲ್ಲಿ ಅಂಥ ಪರದೆಗಳನ್ನು ಪುಕ್ಕಟೆ ಬದಲಾಯಿಸಿಕೊಟ್ಟವು. ಬಳ್ಳಾರಿ ಸೀಮೆಯ ಬೇಸಿಗೆ ಕಂಡವರಿಗೆ ಬಿಸಿಯ ವಾದವನ್ನು ಬಿಡಿಸಿ ಹೇಳಬೇಕಿಲ್ಲ.

ಕೊಂಡ ಮೇಲೆ ಮುಗಿಸಿಕೊಡುವ ಈ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಅದು ಹೇಗೆ ಬಂತು ಎಂದು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಮುಂಚೆ ಬೆಂಗಳೂರಿಗೆ ಹೋಗುವುದು ಲೇಸು.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆಗೂಡಿ ಕಟ್ಟಿದ್ದು ಸಿಂಪ್ಯೂಟರ್. ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರ್ ಅದು. 2001ರ ಏಪ್ರಿಲಿನಲ್ಲಿ ಅದನ್ನು ಜನರಿಗೆ ತೋರಿಸಿದರು. ಒಳಗೆ ಲಿನಕ್ಸ್, ಮೇಲೆ ಮುಟ್ಟಿ ನಡೆಸುವ ಪರದೆ, ಅಂಗಡಿಯಲ್ಲಿ ಸಿಗುವ ಮೂರು ಪುಟ್ಟ ಸೆಲ್ಲುಗಳಿಂದ ಓಡುವ ವ್ಯವಸ್ಥೆ. ಓದು ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ. ಊರಿಗೊಂದಿದ್ದರೆ ಸಾಕು, ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡು ತಂದು ಹಾಕಿ ಬಳಸಬಹುದು ಎಂಬುದು ಅದರ ಲೆಕ್ಕಾಚಾರ. ಸುಮಾರು ಒಂಬತ್ತು ಸಾವಿರ ರೂಪಾಯಿಗೆ ಕೊಡಬೇಕೆಂಬ ಆಸೆಯಿತ್ತು.

ಆಮೇಲೆ ಶುರುವಾಯಿತು ಕಾಯುವಿಕೆ. ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಬಂಡವಾಳ ಹಾಕುವವರು ಬೇಗ ಸಿಗಲಿಲ್ಲ. ಪ್ರಾಧ್ಯಾಪಕರ ಪಿಕೋಪೆಟಾ ಕಂಪನಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನೊಂದಿಗೆ ಸೇರಿ ‘ಅಮಿಡಾ’ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಾಗ 2004ರ ಮಾರ್ಚ್ ಬಂದಿತ್ತು. ಕೈ ಓರೆ ಮಾಡಿದರೆ ಪುಟ ತಿರುಗುವ ಸಂವೇದಕ ಅದರಲ್ಲಿತ್ತು. ಐಫೋನು ಬರಲು ಇನ್ನೂ ಮೂರು ವರ್ಷವಿತ್ತು. ಆದರೂ ಮಾರಾಟವಾದದ್ದು ಕೆಲವೇ ಸಾವಿರ. 2001ರಿಂದ ಕಾದ ಮೂರು ವರ್ಷಗಳಲ್ಲಿ ಮಾಮೂಲಿ ಮೊಬೈಲು ಅಗ್ಗವಾಗಿ ಹಳ್ಳಿಯ ಹಾದಿ ಹಿಡಿದಾಗಿತ್ತು. ಸಿಂಪ್ಯೂಟರಿನ ಸೋಲಿಗೆ ಬೇರೆ ಕಾರಣಗಳೂ ಇವೆ, ಆದರೆ ತಡವಾದದ್ದೇ ದೊಡ್ಡದು ಎಂದು ನನ್ನ ಎಣಿಕೆ.

2007ರ ಐಫೋನು ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಒಂದು ಕಡೆಯ ಬರಹವನ್ನು ಎತ್ತಿ ಇನ್ನೊಂದು ಕಡೆ ಅಂಟಿಸುವ ಸೌಲಭ್ಯವೂ ಇಲ್ಲದೆ ಅದು ಅಂಗಡಿಗೆ ಬಂತು. ಕಾಪಿ–ಪೇಸ್ಟ್ ಸಿಕ್ಕಿದ್ದು 2009ರ ಅಪ್‌ಡೇಟಿನಲ್ಲಿ. ಎರಡು ವರ್ಷ ಜನ ಕಾದರು, ಕಾಯುತ್ತಲೇ ಕೊಂಡರು. ಮೊದಲು ಗೃಹಪ್ರವೇಶ, ಆಮೇಲೆ ಗಿಲಾವು: ಉದ್ಯಮ ಕಲಿತ ಪಾಠ ಇದೇ.

ಕನ್ನಡದವರ ಪಾಲಿಗೆ ಆ ಗಿಲಾವು ಬಹಳ ದಿನ ಆಗಲೇ ಇಲ್ಲ. 2010–11ರ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಮೆಸೇಜು ತೆರೆದರೆ ಸಾಲುಸಾಲು ಚೌಕದ ಡಬ್ಬಿಗಳು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು, ಫೋನಿನಲ್ಲಿರಲಿಲ್ಲ. ಆಗ ಕೈಹಿಡಿದದ್ದು ಒಪೇರಾ ಮಿನಿ. ಅದರ ಒಳಗಿನ ಸೆಟ್ಟಿಂಗಿನ ಒಂದು ಸಾಲನ್ನು ಬದಲಾಯಿಸಿದರೆ ಕನ್ನಡದ ಪುಟ ದೂರದ ಸರ್ವರಿನಲ್ಲಿ ಚಿತ್ರವಾಗಿ ತಯಾರಾಗಿ ಫೋನಿಗೆ ಬರುತ್ತಿತ್ತು. ಆ ಉಪಾಯ ಕಿವಿಯಿಂದ ಕಿವಿಗೆ ಹರಡಿತು.

ಫಾಂಟು ತುಂಬಿದರೆ ಮುಗಿಯಿತಲ್ಲ ಎಂದರೆ, ಇಲ್ಲ. ಫೋನಿನ ನೆನಪಿನಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲಿ ಕೂರುತ್ತವೆ. ಅವನ್ನು ಒತ್ತು, ಅರ್ಕಾವತ್ತು, ಗುಣಿತಗಳಾಗಿ ಜೋಡಿಸಲು ಬೇರೆಯದೇ ಒಂದು ತಂತ್ರಾಂಶ ಬೇಕು. ಅದು ಇಲ್ಲದೆ ಫಾಂಟು ಮಾತ್ರ ಇದ್ದರೆ ‘ಬಳ್ಳಾರಿ’ ಹೋಗಿ ‘ಬಳ್‌ಳಾರಿ’, ‘ಸಿರುಗುಪ್ಪ’ ಹೋಗಿ ‘ಸಿರುಗುಪ್‌ಪ’. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ಬೆಂಬಲ ಬಂತು. ಆದರೆ ಹಳೆಯ 2.3ರ ಫೋನು ಕೈಯಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಆ ಅಪ್‌ಡೇಟ್ ಬರಲೇ ಇಲ್ಲ. ಅವರಿಗೆ ಕನ್ನಡ ಸಿಕ್ಕಿದ್ದು ಹೊಸ ಫೋನು ಕೊಂಡಾಗ. ದೇಶದಲ್ಲಿ ಮಾರುವ ಪ್ರತಿ ಮೊಬೈಲಿನಲ್ಲೂ 22 ಭಾಷೆಗಳ ಮೆಸೇಜು ಓದಲು ಬರಲೇಬೇಕೆಂದು ಕೇಂದ್ರ ಸರ್ಕಾರ ಹಾಕಿದ ಗಡುವು 2017ರ ಜುಲೈ 1. ಆ ಗಡುವೂ ಮುಂದಕ್ಕೆ ಹೋಯಿತು!

ನಮ್ಮ ಲಿಪಿಗಳನ್ನು ಜೋಡಿಸುವ ಈ ಕೆಲಸ ಎಷ್ಟು ನಾಜೂಕಿನದೆಂದು ಜಗತ್ತಿಗೆ ತಿಳಿದದ್ದು 2018ರ ಫೆಬ್ರುವರಿಯಲ್ಲಿ. ತೆಲುಗಿನ ‘ಜ್ಞಾ’ ಅಕ್ಷರವನ್ನು ಒಂದು ನಿರ್ದಿಷ್ಟ ರೀತಿಯಲ್ಲಿ, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಿ ಕಳಿಸಿದರೆ ಐಫೋನಿನ ಆ್ಯಪು ಮುಚ್ಚಿಕೊಳ್ಳುತ್ತಿತ್ತು. ಅದೇ ನೋಟಿಫಿಕೇಶನ್ನಿನಲ್ಲಿ ಬಂದರೆ ಫೋನೇ ಕುಸಿಯುತ್ತಿತ್ತು. ಬಂಗಾಳಿ, ದೇವನಾಗರಿಯ ಕೆಲವು ಜೋಡಣೆಗಳಿಗೂ ಅದೇ ಗತಿ ಎಂದು ಹುಡುಕಿ ನೋಡಿದವರು ಕಂಡುಕೊಂಡರು. ಒತ್ತಕ್ಷರದ ವಿಷಯದಲ್ಲಿ ತೆಲುಗಿನ ಒಡಹುಟ್ಟಾದ ಕನ್ನಡ ಮಾತ್ರ ಪಾರಾಯಿತು. ಫೆಬ್ರುವರಿ 19ಕ್ಕೆ 11.2.6 ಅಪ್‌ಡೇಟ್ ಕೊಟ್ಟು ಆ್ಯಪಲ್ ತೇಪೆ ಹಾಕಿತು. ಕೋಟ್ಯಂತರ ಜನ ದಿನವೂ ಬರೆಯುವ ಲಿಪಿ ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲಿ ಎಷ್ಟು ಕೆಳಗಿನ ಸಾಲಿನಲ್ಲಿತ್ತೆಂದು ಇದರಿಂದ ಊಹಿಸಬಹುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಗಡಿಯ ಊರುಗಳಲ್ಲಿ ಇಂಥ ಫೋನನ್ನು ನಾಲ್ಕು ದಿನ ಕೊಟ್ಟು ನೋಡಬೇಕಿತ್ತು.

ಅದೇ ವರ್ಷ ಜಿಯೋಫೋನಿನವರೂ ಕಾದರು. ವಾಟ್ಸ್ಆ್ಯಪ್ ಆಗಸ್ಟ್ 15ರಿಂದ ಸಿಗುತ್ತದೆ ಎಂದು ಜುಲೈಯಲ್ಲಿ ಘೋಷಣೆಯಾಗಿತ್ತು. ಬಂದದ್ದು ಸೆಪ್ಟೆಂಬರ್ 10ರ ಹೊತ್ತಿಗೆ.

5ಜಿ ಪ್ರಸಂಗ ಇನ್ನೂ ಸೊಗಸು. ಡಬ್ಬಿಯ ಮೇಲೆ ‘5ಜಿ’ ಎಂದು ದಪ್ಪಕ್ಷರದಲ್ಲಿ ಬರೆದ ಫೋನುಗಳು ಭಾರತದಲ್ಲಿ 2020ರಿಂದಲೇ ಮಾರಾಟವಾದವು. ಜಾಲ ಶುರುವಾದದ್ದು 2022ರ ಅಕ್ಟೋಬರಿನಲ್ಲಿ. ಏರ್‌ಟೆಲ್ಲಿನ ಮೊದಲ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಆಗ ಗೊತ್ತಾಯಿತು, ಒಳಗೆ 5ಜಿ ಚಿಪ್ಪು ಇದ್ದರೂ ಅದನ್ನು ಎಬ್ಬಿಸುವ ಸಾಫ್ಟ್‌ವೇರು ಎಷ್ಟೋ ಫೋನುಗಳಿಗೆ ಬಂದೇ ಇಲ್ಲ ಎಂದು. ಜಿಯೋ ಕಟ್ಟಿದ್ದು ಸ್ವತಂತ್ರ 5ಜಿ ಜಾಲ, ಏರ್‌ಟೆಲ್ ಕಟ್ಟಿದ್ದು 4ಜಿಯ ಹೆಗಲ ಮೇಲೆ. ಎರಡನ್ನೂ ಪ್ರತಿ ಮಾಡೆಲ್ಲಿನಲ್ಲಿ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಕೇಂದ್ರದ ಅಧಿಕಾರಿಗಳು ಕಂಪನಿಗಳನ್ನು ಕರೆದು ಕೂರಿಸಿ ಕೇಳಬೇಕಾಯಿತು. ಐಫೋನಿನವರೆಲ್ಲರಿಗೂ 5ಜಿ ತೆರೆದದ್ದು ಡಿಸೆಂಬರಿನ 16.2 ಅಪ್‌ಡೇಟಿನಲ್ಲಿ.

ಹಾಗಾದರೆ ಬೇಗ ಕೊಡುವುದೇ ಸರಿಯೇ? ಅದೇನು ಸುಲಭವಲ್ಲ. ಗೂಗಲ್ ಬರೆದ ಆಂಡ್ರಾಯ್ಡನ್ನು ಚಿಪ್ಪಿನ ಕಂಪನಿ ಹೊಂದಿಸಬೇಕು, ಫೋನಿನ ಕಂಪನಿ ತನ್ನ ಬಣ್ಣ ಬಳಿಯಬೇಕು, ಆಮೇಲೆ ದೇಶದೇಶಕ್ಕೆ ಕಂತಿನಲ್ಲಿ ಬಿಡಬೇಕು. ಆಂಡ್ರಾಯ್ಡ್ 15 ಪಿಕ್ಸೆಲ್ ಫೋನುಗಳಿಗೆ 2024ರ ಅಕ್ಟೋಬರಿನಲ್ಲೇ ಬಂತು. ಸ್ಯಾಮ್‌ಸಂಗಿನ ದುಬಾರಿ ಎಸ್24ಕ್ಕೆ ಅದು ತಲುಪಿದ್ದು 2025ರ ಏಪ್ರಿಲಿನಲ್ಲಿ. ಅಷ್ಟು ತಡಮಾಡಿ ಬಿಟ್ಟದ್ದನ್ನೂ ಕೆಲವೇ ದಿನಗಳಲ್ಲಿ ತಡೆಹಿಡಿದರು; ಕೊರಿಯಾದಲ್ಲಿ ಕೆಲವರ ಫೋನು ಅನ್‌ಲಾಕ್ ಆಗುತ್ತಿಲ್ಲವೆಂಬ ದೂರು ಬಂದಿತ್ತು. ತಡವಾದದ್ದಕ್ಕೆ ಬೈದವರೂ ನಿಲ್ಲಿಸಿದ್ದಕ್ಕೆ ಬೈದವರೂ ಹೆಚ್ಚುಕಡಿಮೆ ಒಂದೇ ಜನ. ನನ್ನ ಮಟ್ಟಿಗೆ ತಡೆಹಿಡಿದದ್ದೇ ಸರಿ, ಆರು ತಿಂಗಳ ತಡಕ್ಕೆ ಮಾತ್ರ ಸಬೂಬು ಕಾಣುವುದಿಲ್ಲ.

ಆ ಮಾತು ಗೂಗಲ್ಲಿಗೂ ತಟ್ಟಿದಂತಿದೆ. ಕಂಪನಿಗಳ ಹೊಸ ಫೋನುಗಳ ವೇಳೆಗೆ ಹೊಂದಲೆಂದು ಆಂಡ್ರಾಯ್ಡ್ 16ನ್ನು 2025ರ ಜೂನಿನಲ್ಲೇ ಬಿಟ್ಟಿತು. ಸ್ಯಾಮ್‌ಸಂಗಿನ ಎಸ್25ಕ್ಕೆ ಅದು ಸೆಪ್ಟೆಂಬರಿನಲ್ಲಿ ಸಿಕ್ಕಿತು. ಆರು ತಿಂಗಳಿದ್ದದ್ದು ಮೂರಕ್ಕೆ ಇಳಿಯಿತು. ದುಬಾರಿ ಫೋನುಗಳಿಗೆ ಈಗ ಏಳು ವರ್ಷದ ಅಪ್‌ಡೇಟಿನ ಭರವಸೆಯೂ ಇದೆ. ಸಿರುಗುಪ್ಪದಲ್ಲಿ ಹೆಚ್ಚು ಬಿಕರಿಯಾಗುವ ಹತ್ತು–ಹನ್ನೆರಡು ಸಾವಿರದ ಫೋನುಗಳಿಗೆ ಎಷ್ಟು ವರ್ಷ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಬೇಕು. ಡಬ್ಬಿಯ ಮೇಲೆ ಕ್ಯಾಮೆರಾದ ಮೆಗಾಪಿಕ್ಸೆಲ್ ಬರೆಯುವ ಕಂಪನಿಗಳು ಅದನ್ನು ಬರೆಯುವುದು ಅಪರೂಪ.